ದುಬಾರಿ ಪೆಟ್ರೋಲಿನಿಂದ ರೈತನ ಗಾಡಿಗೆ ಲಾಭವುಂಟೆ?

“ಅಣ್ಣಾ, ಸಾದಾ ಹಾಕ್ಲಾ, ಪವರ್ ಹಾಕ್ಲಾ?”

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯ ಕಡೆಯಿಂದ ಬೆಳಗಿನ ಜಾವ ಸೊಪ್ಪು, ತರಕಾರಿ ಹೇರಿಕೊಂಡು ಹೊರಟ ರೈತ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದೊಡನೆ ಕೇಳಿಬರುವ ಪ್ರಶ್ನೆ ಇದು. ಮಾರುಕಟ್ಟೆ ಮುಟ್ಟುವ ಆತುರ ಬೇರೆ. ಪವರ್ ಎಂದ ಮೇಲೆ ಒಳ್ಳೆಯದೇ ಇರಬೇಕೆಂದು ತಲೆಯಾಡಿಸಿ ಬಿಡುವವರು ಬಹಳ ಮಂದಿ. ಲೀಟರಿಗೆ 7 ರೂಪಾಯಿ ಹೆಚ್ಚೆಂದು ಇಟ್ಟುಕೊಳ್ಳೋಣ. ದಿನಕ್ಕೊಂದು ಲೀಟರಿನಂತೆ ವರ್ಷಕ್ಕೆ 2,555 ರೂಪಾಯಿ ಆಯಿತು. ಇಷ್ಟು ಹಣ ತೆತ್ತದ್ದಕ್ಕೆ ಸಿಕ್ಕಿದ್ದೇನು?

ಬಂಕಿನ ಬೋರ್ಡಿನ ಮೇಲೆ 91, 95, 97 ಎಂದು ಬರೆದಿರುವ ಅಂಕಿಗೆ ಆಕ್ಟೇನ್ ಎಂದು ಹೆಸರು. ಇದು ಪೆಟ್ರೋಲಿನ ಶಕ್ತಿಯ ಅಳತೆಯೆಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಮುಟ್ಟಿ ನೋಡಿದ್ದೇವೆ. ಇಂಜಿನ್ನಿನ ಒಳಗೂ ಪಿಸ್ಟನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಅದುಮಿದಾಗ ಹೀಗೆಯೇ ಕಾವೇರುತ್ತದೆ. ಪ್ಲಗ್ಗಿನ ಕಿಡಿಯಿಂದ ಹತ್ತಿದ ಉರಿ ಹಬ್ಬುತ್ತಿರುವಾಗ, ಉಳಿದ ಮಿಶ್ರಣ ಈ ಕಾವು ತಾಳಲಾರದೆ ತಾನಾಗಿಯೇ ಭಗ್ಗನೆ ಹೊತ್ತಿಕೊಂಡರೆ ಇಂಜಿನ್ನು ಟಕಟಕ ಎಂದು ಕುಟ್ಟುತ್ತದೆ. ಮೆಕ್ಯಾನಿಕ್ಕುಗಳು ನಾಕಿಂಗ್ ಎನ್ನುವುದು ಇದನ್ನೇ. ಹಾಗೆ ತಾನಾಗಿ ಹೊತ್ತಿಕೊಳ್ಳದೆ ತಾಳಿಕೊಳ್ಳುವ ಗುಣವೇ ಆಕ್ಟೇನ್. ಹೆಪ್ಟೇನ್ ಎಂಬ ದ್ರವಕ್ಕೆ 0, ಐಸೊಆಕ್ಟೇನ್ ಎಂಬುದಕ್ಕೆ 100 ಎಂದಿಟ್ಟು, ಪರೀಕ್ಷೆಯ ಇಂಜಿನ್ನಿನಲ್ಲಿ ಹೋಲಿಸಿ ಈ ಅಂಕಿಯನ್ನು ಗೊತ್ತುಮಾಡುತ್ತಾರೆ.

ಆದ್ದರಿಂದ ಮಿಶ್ರಣವನ್ನು ಬಹಳ ಬಿಗಿಯಾಗಿ ಅದುಮುವ ಇಂಜಿನ್ನಿಗೆ, ಎಂದರೆ ಕಂಪ್ರೆಷನ್ ಹೆಚ್ಚಿರುವ ದೊಡ್ಡ ಮೋಟಾರು ಸೈಕಲ್ಲು, ಟರ್ಬೊ ಇರುವ ಕೆಲವು ಕಾರುಗಳಿಗೆ, ಹೆಚ್ಚಿನ ಆಕ್ಟೇನ್ ಬೇಕಾಗಬಹುದು. ನಮ್ಮ ಹಳ್ಳಿಗಳಲ್ಲಿ ಓಡಾಡುವ ನೂರು ಸಿಸಿಯ ಗಾಡಿ, ಮೊಪೆಡ್ಡು, ಸ್ಕೂಟರುಗಳನ್ನು ಸಾದಾ ಪೆಟ್ರೋಲಿಗೆಂದೇ ತಯಾರಿಸಿರುತ್ತಾರೆ. ಕುಟ್ಟದೆ ಇರುವ ಇಂಜಿನ್ನಿಗೆ ಕುಟ್ಟದ ಪೆಟ್ರೋಲು ಹಾಕಿ ಏನು ಬಂತು? ಗಾಡಿ ಕೊಂಡಾಗ ಕೊಟ್ಟ ಕೈಪಿಡಿಯಲ್ಲಿ ಎಷ್ಟು ಆಕ್ಟೇನ್ ಬೇಕೆಂದು ಬರೆದಿದೆಯೋ ಅಷ್ಟು ಸಾಕು. 95 ಎಂದಿದ್ದರೆ ಮಾತ್ರ ಹೆಚ್ಚಿನದನ್ನು ಕೊಳ್ಳಿ.

ಸಾದಾ ಪೆಟ್ರೋಲಿನಲ್ಲಿ ರೈತನ ಬೆಳೆ

ಹೊಸಕೋಟೆ ತಾಲ್ಲೂಕಿನವರಿಗೆ ದೇವನಗೊಂದಿಯ ತೈಲ ಸಂಗ್ರಹಾಗಾರಗಳು ಹೊಸತಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಹಾದುಬರುವ ಸುಮಾರು 360 ಕಿ.ಮೀ. ಉದ್ದದ ಕೊಳವೆ ಮಾರ್ಗ ಇಲ್ಲಿಗೆ ಬಂದು ಮುಟ್ಟುತ್ತದೆ. ಆದರೆ ಇಂದು ಬಂಕಿನಲ್ಲಿ ನಾವು ಹಾಕಿಸುವುದೆಲ್ಲ ನೆಲದಡಿಯ ಎಣ್ಣೆಯೇ ಅಲ್ಲ. ಕಬ್ಬು, ಮುಸುಕಿನ ಜೋಳ, ಅಕ್ಕಿಯಿಂದ ತಯಾರಾದ ಎಥೆನಾಲ್ ಅದರಲ್ಲಿ ಸೇರಿದೆ. ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿಯವರು ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲಿಯೇ, 2023ರ ಫೆಬ್ರವರಿ 6ರಂದು. ಎಥೆನಾಲಿನ ಆಕ್ಟೇನ್ ನೂರನ್ನು ಮೀರಿದ್ದು. ಹೀಗಾಗಿ ಈ ಮಿಶ್ರಣಕ್ಕೆ ಭಾರತೀಯ ಮಾನಕ ಸಂಸ್ಥೆ ವಿಧಿಸಿರುವ ಕನಿಷ್ಠ ಅಂಕಿಯೇ 95. ಹಿಂದೆ ಇದೇ ಕೆಲಸಕ್ಕೆ ವಿಷಕಾರಿಯಾದ ಸೀಸವನ್ನು ಬೆರೆಸುತ್ತಿದ್ದರು. 2000ದ ಫೆಬ್ರವರಿಯಿಂದ ಅದು ದೇಶದಾದ್ಯಂತ ನಿಂತಿತು. ಈಗ ಕಬ್ಬು ಜೋಳಗಳೇ ಸಾದಾ ಪೆಟ್ರೋಲನ್ನು ಮೇಲೇರಿಸಿರುವಾಗ 95ರ ಹೆಸರಿನಲ್ಲಿ ಹೆಚ್ಚು ಹಣ ಕೊಡುವುದರಲ್ಲಿ ಅರ್ಥವಿದೆಯೆ ಎಂಬುದನ್ನು ಓದುಗರೇ ಯೋಚಿಸಬೇಕು.

ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ ಎಂಬ ಮಾತು ನಿಜ. ಇದಕ್ಕೆಂದು ರೂಪಿಸದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇಕಡ 3ರಿಂದ 4ರಷ್ಟು ತಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಬರಿದೇ ಆಕ್ಟೇನ್ ಹೆಚ್ಚಿಸಿಕೊಂಡರೆ ಈ ನಷ್ಟ ತುಂಬಿಬರುವುದಿಲ್ಲ. ಹಳೆಯ ಗಾಡಿಗಳವರು ರಬ್ಬರಿನ ಪೈಪು, ವಾಷರುಗಳು ಬಿರುಕು ಬಿಟ್ಟಿವೆಯೇ ಎಂದು ಆಗಾಗ ನೋಡುತ್ತಿರಬೇಕು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಮಳೆಯಲ್ಲಿ ನಿಂತ ಗಾಡಿಯ ಟ್ಯಾಂಕಿನೊಳಗೆ ನೀರು ಇಳಿದರೆ ಅದು ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ, ಗಾಡಿ ಸ್ಟಾರ್ಟೇ ಆಗುವುದಿಲ್ಲ. ಮುಚ್ಚಳದ ವಾಷರು ಬಿಗಿಯಾಗಿರಲಿ.

ಕೆಲವು ದುಬಾರಿ ಪೆಟ್ರೋಲುಗಳಲ್ಲಿ ಇಂಜಿನ್ನಿನ ಕಿಟ್ಟ ತೊಳೆಯುವ ರಾಸಾಯನಿಕ ಬೆರೆಸಿರುತ್ತಾರೆ. ಅದರಿಂದ ಕೆಡುಕೇನೂ ಇಲ್ಲ. ಆದರೆ ದೂಳಿನ ದಾರಿಯಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರು ಶುಚಿಮಾಡಿಸುವುದು, ಹೊಸ ಪ್ಲಗ್ಗು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾವಣೆ, ಚಕ್ರಗಳಲ್ಲಿ ಸರಿಯಾದ ಗಾಳಿ, ಇವು ಕೊಡುವ ಮೈಲೇಜನ್ನು ಅದು ಕೊಡಲಾರದು. ಮೇಲೆ ಹೇಳಿದ ಎರಡೂವರೆ ಸಾವಿರದಲ್ಲಿ ಇದೆಲ್ಲವೂ ನಡೆದುಹೋದೀತು.

ಟ್ರ್ಯಾಕ್ಟರು, ಟಿಲ್ಲರುಗಳ ಡೀಸೆಲ್ಲಿಗೆ ಆಕ್ಟೇನ್ ಎಂಬುದೇ ಅನ್ವಯಿಸದು. ಅಲ್ಲಿ ಕಿಡಿಯಿಲ್ಲ, ಅದುಮಿದ ಕಾವಿಗೇ ಡೀಸೆಲ್ಲು ಹೊತ್ತಬೇಕು. ಅದನ್ನು ಅಳೆಯುವ ಅಂಕಿಯ ಹೆಸರು ಸೀಟೇನ್. ಡೀಸೆಲ್ ಟ್ಯಾಂಕಿಗೆ ಅಪ್ಪಿತಪ್ಪಿ ಪೆಟ್ರೋಲು ಬಿದ್ದರೆ ಇಂಜಿನ್ ಸ್ಟಾರ್ಟ್ ಮಾಡದೆ ಟ್ಯಾಂಕು ಖಾಲಿ ಮಾಡಿಸಬೇಕು.

ಇನ್ನು ಹೊರೆ ಹೊತ್ತು ಏರು ಹತ್ತುವಾಗ ಗಾಡಿ ಕುಟ್ಟತೊಡಗಿದರೆ? ಮೊದಲು ಗೇರು ಇಳಿಸಿ ನೋಡಿ. ಆಗಲೂ ಸದ್ದು ನಿಲ್ಲದಿದ್ದರೆ ಇಂಜಿನ್ನಿನಲ್ಲಿ ಇದ್ದಿಲು ಕಟ್ಟಿರಬಹುದು, ಕಿಡಿಯ ಹೊತ್ತು ತಪ್ಪಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಿ. ಸೀಮೆಎಣ್ಣೆಯ ಬೆರಕೆಯಿಂದಲೂ ಹೀಗಾಗುವುದುಂಟು. ಅನುಮಾನ ಬಂದರೆ ಬಂಕಿನಲ್ಲಿಯೇ ಫಿಲ್ಟರ್ ಕಾಗದದ ಪರೀಕ್ಷೆ ಕೇಳಬಹುದು. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟಾಗ ಅದು ಕಲೆ ಉಳಿಸದೆ ಆರಿಹೋಗಬೇಕು. ಅಳತೆಯ ಮೇಲೆ ಸಂಶಯವಿದ್ದರೆ 5 ಲೀಟರಿನ ಮುದ್ರೆಯೊತ್ತಿದ ಪಾತ್ರೆಯಲ್ಲಿ ಅಳೆದು ತೋರಿಸೆಂದು ಕೇಳುವ ಹಕ್ಕೂ ಗಿರಾಕಿಗೆ ಇದೆ. ಎರಡಕ್ಕೂ ಹಣ ಕೊಡಬೇಕಾಗಿಲ್ಲ.