ಹೊಲದಾಗ ತೊಗರಿ, ದಾಖಲೆಯಾಗ ಹತ್ತಿ: ಎಲ್ಲಿ ತಿದ್ದಿಸಬೇಕು?

ಕರಜಗಿ ಕಡೆ ತೊಗರಿ ರಾಶಿ ಶುರುವಾದ ಕೂಡಲೇ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆ ಬರ್ತಾವ: "ಅಣ್ಣಾ, ಬೆಂಬಲ ಬೆಲೆಗೆ ಹೆಸರು ಬರಸಾಕ ಹೋದ್ರೆ ದಾಖಲೆ ಹೊಂದಂಗಿಲ್ಲ ಅಂತಾರ, ಏನ್ ಮಾಡ್ಲಿ?" ನಾನು ಮೊದಲು ಕೇಳೋದು, ಯಾವ ದಾಖಲೆ ಅಂತ. ಯಾಕಂದ್ರೆ ರೈತ ಒಬ್ಬನೇ ಆದರೂ ದಾಖಲೆ ಮೂರು ಕಡೆ ಇರ್ತಾವ. ಒಂದರಾಗ ತಿದ್ದಿದ್ರೆ ಉಳಿದವು ತಾವಾಗಿಯೇ ಸರಿಹೋಗ್ತಾವ ಅಂತ ನಂಬಿ ಕೂಡಬ್ಯಾಡ್ರಿ.

1. ಪಹಣಿ (ಭೂಮಿ)

ಮೊಬೈಲ್ ಬ್ರೌಸರ್‌ನಲ್ಲಿ ಸರ್ವೆ ನಂಬರ್, ಹಿಸ್ಸಾ ಹಾಕಿ ಪಹಣಿ ನೋಡಬಹುದು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ರಲ್ಲಿ ಸಾಲ ಮತ್ತು ಹಕ್ಕು, 12ರಲ್ಲಿ ಸಾಗುವಳಿ ವಿವರ ಇರುತ್ತದೆ. ಆದರೆ ಇಲ್ಲಿ ನಾವು ಒಂದಕ್ಷರವನ್ನೂ ತಿದ್ದಲು ಬರುವುದಿಲ್ಲ. ಹೆಸರು, ವಿಸ್ತೀರ್ಣ ತಪ್ಪಿದ್ದರೆ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಲೇಬೇಕು. ಹೊಲ ಕಳಕೊಳ್ಳದಂಗ ಕಾಯೋ ಬೀಗ ಇದು, ಬ್ಯಾಸರ ಮಾಡ್ಕೋಬ್ಯಾಡ್ರಿ.

2. ಫ್ರೂಟ್ಸ್ (ಎಫ್‌ಐಡಿ)

ಇಲ್ಲಿ ರೈತರೇ ಲಾಗಿನ್ ಆಗಿ ವಿವರ ತುಂಬಬಹುದು. ಇಲಾಖೆ ಒಪ್ಪಿದ ಮೇಲೆ ಮಾತ್ರ ಅದು ಪಕ್ಕಾ. ಹೆಚ್ಚು ತೊಂದರೆ ಎರಡು. ಆಧಾರ್‌ನಲ್ಲಿ ಶರಣಬಸಪ್ಪ, ಪಹಣಿಯಲ್ಲಿ ಶರಣಪ್ಪ ಎಂದಿರೋದು ಒಂದು. ಎಲ್ಲ ಸರ್ವೆ ನಂಬರ್ ಸೇರಿಸದೇ ಇರೋದು ಇನ್ನೊಂದು. ಬೆಂಬಲ ಬೆಲೆಗೆ ಎಷ್ಟು ಕ್ವಿಂಟಲ್ ತಗೋತಾರ ಅನ್ನೋ ಲೆಕ್ಕ ಎಕರೆ ಮ್ಯಾಲೆ ನಡೀತದ. ಎರಡು ಎಕರೆ ಬಿಟ್ಟುಹೋದ್ರೆ ಅಷ್ಟು ಮಾಲು ಹೊರಗ ಮಾರಬೇಕಾಗ್ತದ.

3. ಬೆಳೆ ಸಮೀಕ್ಷೆ

ಹೊಲದಲ್ಲೇ ನಿಂತು ಫೋಟೊ ತೆಗೆದು ಬೆಳೆ ದಾಖಲಿಸುವುದು ಇದು. 2020ರಿಂದ ರೈತರೇ ಆ್ಯಪ್‌ನಲ್ಲಿ ಮಾಡಬಹುದು. ನಮ್ಮ ಕಾಕಾ ಒಬ್ಬರ ಹೊಲದಾಗ ತೊಗರಿ ಎದೆಮಟ್ಟ ನಿಂತಿತ್ತು, ದಾಖಲೆಯಾಗ ಹತ್ತಿ ಅಂತ ಇತ್ತು. ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿ ಗಡುವಿನೊಳಗೆ ಆಕ್ಷೇಪಣೆ ಹಾಕಿದ್ದಕ್ಕೆ ಸರಿಹೋಯ್ತು. ಹಂಗೇ ಬಿಟ್ಟಿದ್ರೆ ಕಟ್ಟಿದ ವಿಮೆಗೂ ಸಮೀಕ್ಷೆಗೂ ತಾಳೆ ಆಗದೇ ಪರಿಹಾರ ತಪ್ಪೋ ಭಯ ಇತ್ತು.

ತಿದ್ದುವಾಗ ಇಷ್ಟು ನೆನಪಿಡ್ರಿ

• ಮೊದಲಿನ ವಿವರದ ಸ್ಕ್ರೀನ್‌ಶಾಟ್ ತಗೊಂಡು ಇಟ್ಕೊಳ್ರಿ.
• ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಇದೇ ಕ್ರಮದಲ್ಲಿ ಆರಿಸಿ. ಪಟ್ಟಿ ಪೂರ್ತಿ ತೆರೆಯುವ ತನಕ ತಡೀರಿ.
• ಸೇವ್ ಒತ್ತುವ ಮೊದಲು ಹಿಂದಕ್ಕೆ ಹೋಗಬೇಡಿ, ತುಂಬಿದ್ದು ಅಳಿಸಿ ಹೋಗಬಹುದು.
• ಬ್ಯಾಂಕ್ ಖಾತೆ ನಂಬರನ್ನು ಪಾಸ್‌ಬುಕ್ ಎದುರಿಗಿಟ್ಟು ಎರಡು ಸಲ ಓದಿ.
• ಆನ್‌ಲೈನ್ ಅಂಗಡಿಯಲ್ಲಿ ಮಾಡಿಸಿದರೆ ಓಟಿಪಿಯನ್ನು ನೀವೇ ಒತ್ತಿ, ಎದ್ದು ಬರುವ ಮುಂಚೆ ಲಾಗ್‌ಔಟ್ ಮಾಡಿಸಿ.

ಈ ವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮೂರೂ ದಾಖಲೆ ಪಕ್ಕದಾಗ ಇಟ್ಟು ನೋಡ್ರಿ. ಹೆಸರು, ಸರ್ವೆ ನಂಬರ್, ಬೆಳೆ ಹೊಂದದಿದ್ದರೆ ಪಹಣಿ, ಆಧಾರ್, ಪಾಸ್‌ಬುಕ್ ಪ್ರತಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗ್ರಿ. ರಾಶಿ ಮುಗಿದ ಮೇಲೆ ಅಲ್ಲ, ಈಗಲೇ.