ಗೋಡೆಯ ಗೆರೆಗೆ ಕಾಗದದ ಕಾವಲು

ಹಳೆಯ ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆಗಳ ಗೋಡೆಗಳು ಎಲ್ಲರಿಗೂ ಪರಿಚಿತ. ನೆಲದಿಂದ ಎದೆಯೆತ್ತರದವರೆಗೆ ಗಾಢವಾದ ಎಣ್ಣೆ ಬಣ್ಣ, ಅಲ್ಲಿಂದ ಸೂರಿನವರೆಗೆ ಸುಣ್ಣ ಅಥವಾ ತಿಳಿಬಣ್ಣದ ಡಿಸ್ಟೆಂಪರ್. ಕೆಳಗಿನದು ಕೈಕೊಳೆ ಕಾಣದಿರಲೆಂದು, ಮೇಲಿನದು ಬೆಳಕಿಗೆಂದು. ಎರಡೂ ಕೂಡುವಲ್ಲಿ ಒಂದು ಗೆರೆ. ಆ ಗೆರೆ ನೇರವಾಗಿದ್ದರೆ ಯಾರೂ ಅದನ್ನು ಗಮನಿಸುವುದಿಲ್ಲ. ಒಂದಿಷ್ಟು ಡೊಂಕಾದರೆ ಸಾಕು, ಒಳಗೆ ಬಂದವರ ಕಣ್ಣೆಲ್ಲ ಅಲ್ಲಿಗೇ ಹೋಗುತ್ತದೆ.

ಈಗ ಅಂಥ ಗೆರೆಗಳು ಮನೆಯ ನಡುಕೋಣೆಗೇ ಬಂದಿವೆ. ಮೂರು ಗೋಡೆಗಳಿಗೆ ಒಂದೇ ಬಣ್ಣ ಬಳಿದು, ನಾಲ್ಕನೆಯದರ ಮೇಲೆ ತ್ರಿಕೋನ, ಚೌಕ, ಓರೆಪಟ್ಟಿಗಳನ್ನು ಎರಡು ಮೂರು ಬಣ್ಣಗಳಲ್ಲಿ ಮೂಡಿಸುವುದು ಹೊಸ ರೂಢಿ. ವಿಶೇಷವೆಂದರೆ, ಕುಂಚ ಹಿಡಿದು ಅಭ್ಯಾಸವಿಲ್ಲದ ಮನೆಯವರೇ ರಜೆಯ ದಿನ ಈ ಕೆಲಸ ಮಾಡಿ ಮುಗಿಸುತ್ತಾರೆ. ಪಳಗಿದ ಕೈಗೂ ಕಷ್ಟವೆನಿಸುವ ನೇರ ಅಂಚು ಪಳಗದ ಕೈಗೆ ಹೇಗೆ ದಕ್ಕಿತು? ಉತ್ತರ ಒಂದು ಅಂಗುಲ ಅಗಲದ ಕಾಗದದ ಪಟ್ಟಿಯಲ್ಲಿದೆ. ಅದೇ ಮಾಸ್ಕಿಂಗ್ ಟೇಪು.

ದಾರ ಮತ್ತು ಕೈ

ಟೇಪು ಬರುವ ಮೊದಲು ಗೋಡೆಯ ಮೇಲೆ ನೇರ ಗೆರೆ ಮೂಡಿಸಲು ಎರಡು ದಾರಿಗಳಿದ್ದವು. ಮೊದಲನೆಯದು ದಾರ. ಬಣ್ಣದಲ್ಲಿ ಅದ್ದಿದ ದಾರವನ್ನು ಎರಡು ತುದಿಗಳಲ್ಲಿ ಬಿಗಿಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಗೆ ಬಡಿದು ಗೆರೆ ಮೂಡುತ್ತದೆ. ಪ್ರಾಚೀನ ಈಜಿಪ್ಟಿನ ಕಲೆಗಾರರು ಸಮಾಧಿಗಳ ಗೋಡೆಗಳಲ್ಲಿ ಕೆಂಪು ದಾರದಿಂದ ಹೀಗೆಯೇ ಚೌಕಗಳ ಜಾಲ ಹಾಕಿಕೊಂಡು ಚಿತ್ರ ಬರೆಯುತ್ತಿದ್ದರು. ಪೂರ್ತಿಯಾಗದೆ ಉಳಿದ ಸಮಾಧಿಗಳಲ್ಲಿ ಆ ಗೆರೆಗಳನ್ನು ಇಂದಿಗೂ ನೋಡಬಹುದು. ನಮ್ಮ ಬಡಗಿಗಳು ಮರ ಕೊಯ್ಯುವ ಮುನ್ನ ದಾರ ಹೊಡೆಯುವುದೂ ಇದೇ ಉಪಾಯ.

ಆದರೆ ದಾರಕ್ಕೆ ಒಂದು ಮಿತಿಯುಂಟು. ಅದು ಗೆರೆ ಎಲ್ಲಿ ಬರಬೇಕೆಂದು ತೋರಿಸುತ್ತದೆ. ಕುಂಚ ಆ ಗೆರೆ ದಾಟದಂತೆ ತಡೆಯುವುದಿಲ್ಲ. ತಡೆಯಬೇಕಾದದ್ದು ಕೈ. ಅದೇ ಎರಡನೆಯ ದಾರಿ.

ಆ ಕೈಯ ಸಾಮರ್ಥ್ಯ ಎಂಥದ್ದೆಂಬುದಕ್ಕೆ ಮಲೆನಾಡಿನ ಹಸೆ ಚಿತ್ತಾರವೇ ಸಾಕ್ಷಿ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಸುತ್ತಿನ ದೀವರ ಮನೆಗಳಲ್ಲಿ ಮದುವೆಗೆ ಮುಂಚೆ ಹೆಣ್ಣುಮಕ್ಕಳು ಗೋಡೆಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯುತ್ತಾರೆ. ಬಿಳಿಗೆ ಅಕ್ಕಿಹಿಟ್ಟು, ಕಪ್ಪಿಗೆ ಹುರಿದು ಕರಿಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದು. ಎಳೆಯ ಪಕ್ಕಕ್ಕೆ ಎಳೆ, ಚೌಕದೊಳಗೆ ಚೌಕ, ತ್ರಿಕೋನಗಳ ಸಾಲು. ಇಡೀ ರಚನೆ ರೇಖಾಗಣಿತದ್ದು. ಮದುಮಕ್ಕಳು ಹಸೆಗೆ ಕೂರುವುದು ಈ ಗೋಡೆಯ ಮುಂದೆ. ಅಜ್ಜಿಯಿಂದ, ತಾಯಿಯಿಂದ ನೋಡಿ ಕಲಿತ ಈ ಹಿಡಿತ ವರ್ಷಗಟ್ಟಲೆಯ ಅಭ್ಯಾಸದ ಫಲ. ಅಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ. ವ್ಯಾಪಾರಿ ಜಗತ್ತಿಗಂತೂ ಇರಲಿಲ್ಲ.

ಕಾರಿನ ಶೆಡ್ಡಿನಲ್ಲಿ ಹುಟ್ಟಿದ್ದು

ಅಮೆರಿಕದಲ್ಲಿ 1920ರ ದಶಕದ ಆರಂಭಕ್ಕೆ ಎರಡು ಬಣ್ಣದ ಕಾರುಗಳ ಶೋಕಿ ಹಬ್ಬಿತ್ತು. ಗಿರಾಕಿಗೆ ಅದು ಚೆಂದ, ಬಣ್ಣ ಬಳಿಯುವವನಿಗೆ ಮಾತ್ರ ಕಂಟಕ. ಒಂದು ಬಣ್ಣ ಒಣಗಿದ ಮೇಲೆ ಆ ಭಾಗಕ್ಕೆ ಕಾಗದವನ್ನು ಗೋಂದಿನಿಂದ ಅಂಟಿಸಿ ಮುಚ್ಚಿ, ಪಕ್ಕಕ್ಕೆ ಎರಡನೆಯ ಬಣ್ಣ ಹಾಕಬೇಕು. ಕೊನೆಗೆ ಕಾಗದ ಕಿತ್ತರೆ ಅದರೊಂದಿಗೆ ಮೊದಲಿನ ಬಣ್ಣವೂ ಎದ್ದು ಬರುತ್ತಿತ್ತು. ಮಾಡಿದ ಕೆಲಸವೆಲ್ಲ ಮತ್ತೆ ಮೊದಲಿನಿಂದ.

ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದ ಒಂದು ಶೆಡ್ಡಿನಲ್ಲಿ ಕೆಲಸಗಾರರು ಹೀಗೆ ಶಪಿಸುತ್ತಿದ್ದುದನ್ನು 1923ರಲ್ಲಿ ಕೇಳಿಸಿಕೊಂಡವನು ರಿಚರ್ಡ್ ಡ್ರೂ. ಎಂಜಿನಿಯರಿಂಗ್ ಓದನ್ನು ನಡುವೆಯೇ ಬಿಟ್ಟು, ನೃತ್ಯಕೂಟಗಳಲ್ಲಿ ಬ್ಯಾಂಜೋ ನುಡಿಸುತ್ತಿದ್ದ ಆತ 1921ರಲ್ಲಿ ಉಪ್ಪುಕಾಗದ ತಯಾರಿಸುವ ಒಂದು ಕಂಪೆನಿಯ ಪ್ರಯೋಗಾಲಯ ಸೇರಿದ್ದ. ಮುಂದೆ 3ಎಂ ಎಂದು ಜಗತ್ತಿಗೆ ಪರಿಚಯವಾದದ್ದು ಅದೇ ಕಂಪೆನಿ. ಹೊಸ ಉಪ್ಪುಕಾಗದದ ಮಾದರಿ ಕೊಡಲು ಹೋದವನು, ಬಣ್ಣ ಕೀಳದ ಅಂಟುಪಟ್ಟಿ ಮಾಡಿಕೊಡುವೆನೆಂದು ಮಾತು ಕೊಟ್ಟು ಬಂದ.

ಆ ಮಾತು ಉಳಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಮೇಲಧಿಕಾರಿ ವಿಲಿಯಂ ಮೆಕ್‌ನೈಟ್ ಒಮ್ಮೆ ಈ ಪ್ರಯೋಗ ಬಿಟ್ಟು ಉಪ್ಪುಕಾಗದದ ಕೆಲಸಕ್ಕೆ ಮರಳುವಂತೆ ಹೇಳಿದರೂ ಡ್ರೂ ಬಿಡಲಿಲ್ಲ. ನೂರು ಡಾಲರಿನವರೆಗಿನ ಖರೀದಿಗೆ ತಾನೇ ಸಹಿ ಹಾಕುವ ಅಧಿಕಾರವಿದ್ದುದರಿಂದ, ಬೇಕಾದ ಯಂತ್ರದ ಹಣವನ್ನು 99 ಡಾಲರುಗಳ ಹಲವು ಬಿಲ್ಲುಗಳಾಗಿ ಒಡೆದು ಪಾವತಿ ಮಾಡಿದನೆಂದು ಕಂಪೆನಿಯ ಇತಿಹಾಸವೇ ಹೇಳುತ್ತದೆ. 1925ರಲ್ಲಿ ಟೇಪು ಸಿದ್ಧವಾಯಿತು. ನೆರಿಗೆ ಹಿಡಿದ ಕ್ರೇಪ್ ಕಾಗದಕ್ಕೆ ಮರಗೆಲಸದ ಅಂಟು ಮತ್ತು ಗ್ಲಿಸರಿನ್ ಸೇರಿಸಿದ ಲೇಪ ಅದರದು. 1930ರಲ್ಲಿ ಬಂದ ಪಾರದರ್ಶಕ ಸೆಲ್ಲೋಫೇನ್ ಟೇಪು ಕೂಡ ಡ್ರೂನದೇ.

ಅಂಟಬೇಕು, ಬಿಡಲೂಬೇಕು

ಗೋಂದು ಒಣಗಿ ಗಟ್ಟಿಯಾದ ಮೇಲೆ ಹಿಡಿಯುತ್ತದೆ. ಟೇಪಿನ ಅಂಟು ಒಣಗುವುದೇ ಇಲ್ಲ. ಬೆರಳಿನಿಂದ ಒತ್ತಿದಾಗ ಅದು ತುಸು ಹರಿದು ಮೇಲ್ಮೈಯನ್ನು ತಬ್ಬಿಕೊಳ್ಳುತ್ತದೆ, ಎಳೆದಾಗ ಬಿಡುತ್ತದೆ. ಹಿಡಿತ ಹೆಚ್ಚಾದರೆ ಕೆಳಗಿನ ಬಣ್ಣ ಕಿತ್ತುಬರುತ್ತದೆ, ಕಡಿಮೆಯಾದರೆ ಟೇಪೇ ಬಿದ್ದುಹೋಗುತ್ತದೆ. ಈ ಎರಡರ ನಡುವಿನ ಹದವೇ ಡ್ರೂನ ಸಾಧನೆ. ನೆರಿಗೆ ಕಾಗದ ತುಸು ಹಿಗ್ಗುವುದರಿಂದ ಕಾರಿನ ಬಾಗುಗಳಿಗೂ ಹೊಂದಿಕೊಂಡಿತು.

ಆದರೂ ಟೇಪು ಪೂರ್ತಿ ನಂಬುವ ವಸ್ತುವಲ್ಲ. ಎಷ್ಟು ನಯವೆಂದು ತೋರಿದರೂ ಗೋಡೆಯ ಮೈತುಂಬ ಸಣ್ಣ ಗುಳಿಗಳಿರುತ್ತವೆ. ಟೇಪಿನಂಚು ಅವುಗಳ ಮೇಲೆ ಸೇತುವೆಯಂತೆ ಹಾದುಹೋಗುತ್ತದೆ. ಆ ಸಂದಿನಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ, ಬಣ್ಣ ಒಳಗೆ ನುಸುಳುತ್ತದೆ. ಟೇಪು ತೆಗೆದಾಗ ಅಂಚು ಗರಗಸದ ಹಲ್ಲಿನಂತೆ ಕಾಣುವುದು ಇದರಿಂದಲೇ.

ಅನುಭವಿಗಳು ಇದಕ್ಕೊಂದು ಜಾಣ ಪರಿಹಾರ ಕಂಡುಕೊಂಡಿದ್ದಾರೆ. ಟೇಪು ಅಂಟಿಸಿದ ಮೇಲೆ ಹೊಸ ಬಣ್ಣವನ್ನಲ್ಲ, ಕೆಳಗಿರುವ ಹಳೆಯ ಬಣ್ಣವನ್ನೇ ಅಂಚಿಗೆ ಒಮ್ಮೆ ತೆಳುವಾಗಿ ಬಳಿಯುವುದು. ನುಸುಳುವುದೇನಿದ್ದರೂ ಆ ಬಣ್ಣವೇ ನುಸುಳಿ ಸಂದು ಮುಚ್ಚುತ್ತದೆ. ಬಣ್ಣಕ್ಕೆ ಬಣ್ಣ ಕೂಡಿ ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಹೊಸ ಬಣ್ಣ ಹಾಕಿದರೆ ಅದಕ್ಕೆ ಒಳಹೋಗಲು ದಾರಿಯಿಲ್ಲ.

ಚಿತ್ರಕಾರರ ಕೈಗೆ

ಕಾರಿನ ಶೆಡ್ಡಿನ ಈ ಸಾಮಾನಿನಲ್ಲಿ ಬೇರೊಂದು ಗುಣ ಕಂಡವರು ಚಿತ್ರಕಾರರು. ಹಾಲೆಂಡಿನ ಪೀಟ್ ಮೊಂಡ್ರಿಯಾನ್ ಅಡ್ಡ ಮತ್ತು ಲಂಬ ಗೆರೆಗಳು, ಕೆಂಪು, ಹಳದಿ, ನೀಲಿಗಳಷ್ಟರಲ್ಲೇ ಚಿತ್ರ ರಚಿಸಿದವರು. ಪ್ಯಾರಿಸಿನಲ್ಲಿದ್ದಾಗ ತಮ್ಮ ಕೋಣೆಯ ಗೋಡೆಗಳಿಗೇ ಬಣ್ಣದ ಆಯತಾಕಾರದ ರಟ್ಟುಗಳನ್ನು ಸಿಕ್ಕಿಸಿ, ಬೇಕೆನಿಸಿದಾಗ ಜಾಗ ಬದಲಿಸುತ್ತಿದ್ದರು. ಯುದ್ಧಕಾಲದಲ್ಲಿ, 1940ರಲ್ಲಿ, ನ್ಯೂಯಾರ್ಕಿಗೆ ಬಂದ ಮೇಲೆ ಅವರಿಗೆ ಬಣ್ಣದ ಅಂಟುಪಟ್ಟಿಗಳು ದೊರೆತವು. ಅದುವರೆಗೆ ಒಂದು ಗೆರೆಯನ್ನು ಅತ್ತಿತ್ತ ಸರಿಸಬೇಕಾದರೆ ಕೆರೆದು ಮತ್ತೆ ಬಳಿಯಬೇಕಿತ್ತು. ಈಗ ಪಟ್ಟಿಯನ್ನು ಎತ್ತಿ ಪಕ್ಕಕ್ಕೆ ಅಂಟಿಸಿದರಾಯಿತು. ಹೀಗೆ ಟೇಪು ಅಂಚಿನ ಕಾವಲುಗಾರನಷ್ಟೇ ಆಗದೆ, ಮನಸ್ಸು ಬದಲಿಸಲು ಅವಕಾಶ ಕೊಡುವ ಸಲಕರಣೆಯೂ ಆಯಿತು.

1944ರಲ್ಲಿ ಮೊಂಡ್ರಿಯಾನ್ ತೀರಿಕೊಂಡಾಗ ಕೆಲವು ಕೃತಿಗಳು ಟೇಪಿನಲ್ಲೇ ಉಳಿದವು. 1941ರ ‘ನ್ಯೂಯಾರ್ಕ್ ಸಿಟಿ 1’ ಅವುಗಳಲ್ಲೊಂದು. ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಕಲಾ ಸಂಗ್ರಹಾಲಯದಲ್ಲಿರುವ ಈ ಕೃತಿಯನ್ನು ದಶಕಗಳಿಂದ ತಲೆಕೆಳಗಾಗಿ ತೂಗುಹಾಕಲಾಗಿದೆಯೆಂದು ಅಲ್ಲಿನ ಕ್ಯುರೇಟರ್ 2022ರಲ್ಲಿ ಪ್ರಕಟಿಸಿದರು. ಕಲಾವಿದರ ಕೋಣೆಯ ಹಳೆಯ ಛಾಯಾಚಿತ್ರವೊಂದರಲ್ಲಿ ಅದು ತಿರುಗುಮುರುಗಾಗಿ ಕಂಡಿತ್ತು. ಹಾಗಿದ್ದೂ ಚಿತ್ರವನ್ನು ಸರಿಪಡಿಸಿ ತೂಗುಹಾಕಲಿಲ್ಲ. ಅಂಟು ಸಡಿಲವಾಗಿರುವ ಪಟ್ಟಿಗಳು ತಿರುಗಿಸಿದರೆ ಉದುರಿಹೋದಾವೆಂಬ ಭಯ. ತಾತ್ಕಾಲಿಕವೆಂದೇ ಹುಟ್ಟಿದ ವಸ್ತುವನ್ನು ಶಾಶ್ವತವಾಗಿ ಉಳಿಸಹೊರಟಾಗ ಬರುವ ಪೇಚು ಇದು.

ಗೋಡೆಯನ್ನೇ ಚಿತ್ರವಾಗಿಸುವ ಯೋಚನೆಯೂ ಇದೇ ಕಾಲದ್ದು. ಹಾಲೆಂಡಿನ ಉಟ್ರೆಕ್ಟ್‌ನಲ್ಲಿ 1924ರಲ್ಲಿ ವಾಸ್ತುಶಿಲ್ಪಿ ಗೆರಿಟ್ ರೀಟ್‌ವೆಲ್ಡ್, ಮೂರು ಮಕ್ಕಳ ತಾಯಿ ಟ್ರೂಸ್ ಶ್ರೋಡರ್ ಅವರಿಗಾಗಿ ಕಟ್ಟಿದ ಮನೆಯಲ್ಲಿ ಗೋಡೆ, ನೆಲಗಳೆಲ್ಲ ಬಣ್ಣದ ಹಲಗೆಗಳಂತೆ ವಿಂಗಡಗೊಂಡಿವೆ. 2000ದಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕ್ಯಾಲಿಫೋರ್ನಿಯಾದ ಕಡಲತೀರದ ಸೀ ರಾಂಚ್ ಬಡಾವಣೆಯಲ್ಲಿ 1960ರ ದಶಕದ ನಡುವಿನಲ್ಲಿ ಈಜುಕೊಳದ ಕಟ್ಟಡಕ್ಕೆ ಹಣ ಸಾಲದಾದಾಗ, ವಿನ್ಯಾಸಕಿ ಬಾರ್ಬರಾ ಸ್ಟಾಫಾಕರ್ ಸಾಲಮನ್ ಒಳಗೋಡೆಗಳಿಗೆ ಭಾರೀ ಪಟ್ಟೆಗಳನ್ನೂ ಬಾಣಗಳನ್ನೂ ಬರೆಸಿದರು. ದುಬಾರಿ ಸಾಮಗ್ರಿ ಮಾಡಬೇಕಾದ ಕೆಲಸವನ್ನು ಅಲ್ಲಿ ಬಣ್ಣವೇ ಮಾಡಿತು. ಇಂದಿನ ಮನೆಗೋಡೆಯ ತ್ರಿಕೋನಗಳು ಈ ವಂಶದವೇ.

ಮನೆಯಲ್ಲಿ ಮಾಡುವವರಿಗೆ

ಮೊದಲು ಗೋಡೆಯ ಮೈ ಪರೀಕ್ಷಿಸಬೇಕು. ಅಂಗೈಯಿಂದ ಸವರಿದಾಗ ಪುಡಿ ಹತ್ತುವ ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್ ಗೋಡೆಗೆ ಟೇಪು ಹಿಡಿಯದು. ಹಿಡಿದರೂ ಪುಡಿಯನ್ನೇ ಎತ್ತಿಕೊಂಡು ಬರುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಗೋಡೆಯೂ ಆಗದು. ತಳದ ಬಣ್ಣ ಬಳಿದ ಮೇಲೆ ಕನಿಷ್ಠ ಒಂದು ಇಡೀ ದಿನ ಒಣಗಬೇಕು.

ಆಮೇಲೆ ಅಳತೆ. ಸೂರನ್ನೋ ನೆಲವನ್ನೋ ನಂಬಿ ಗೆರೆ ಎಳೆಯುವಂತಿಲ್ಲ, ಅವೇ ಎಷ್ಟೋ ಕಡೆ ಓರೆಯಾಗಿರುತ್ತವೆ. ಲಂಬಕ್ಕೆ ತೂಗುಗುಂಡು, ಮಟ್ಟಕ್ಕೆ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಕೊಳವೆ ಸಾಕು. ಪೆನ್ಸಿಲಿನಲ್ಲಿ ತೆಳುವಾಗಿ ಗುರುತು ಹಾಕಿ, ಬಣ್ಣ ತುಂಬಬೇಕಾದ ಆಕಾರದ ಹೊರಗೆ ಟೇಪು ಬರುವಂತೆ ಅಂಟಿಸಬೇಕು. ಹೊಸಬರು ಎಡವುವುದು ಇಲ್ಲೇ. ಪಟ್ಟಿ ಗೆರೆಯ ಒಳಬದಿಗೆ ಬಂದರೆ ಆಕಾರ ಅಷ್ಟಗಲ ಕಿರಿದಾಗುತ್ತದೆ. ಒಂದಕ್ಕೊಂದು ತಾಗುವ ಎರಡು ತ್ರಿಕೋನಗಳನ್ನು ಒಟ್ಟಿಗೆ ತುಂಬುವಂತಿಲ್ಲ. ಒಂದು ಒಣಗಿದ ಮೇಲೆ ಅದರ ಅಂಚಿಗೆ ಟೇಪು ಹಾಕಿ ಇನ್ನೊಂದು.

ಬಣ್ಣ ದಪ್ಪಗೆ ಒಮ್ಮೆ ಬಳಿಯುವುದಕ್ಕಿಂತ ತೆಳುವಾಗಿ ಎರಡು ಸಲ ಬಳಿಯುವುದು ಲೇಸು. ಕೊನೆಯ ಕೈ ಇನ್ನೂ ತುಸು ಹಸಿಯಿರುವಾಗಲೇ ಟೇಪನ್ನು ಹಿಂದಕ್ಕೆ ಮಡಿಸಿದಂತೆ ಓರೆಯಾಗಿ, ನಿಧಾನವಾಗಿ ಎಳೆಯಬೇಕು. ಪೂರ್ತಿ ಒಣಗಿದರೆ ಬಣ್ಣದ ಪೊರೆ ಟೇಪಿನೊಂದಿಗೆ ಸಿಪ್ಪೆಯಂತೆ ಏಳುತ್ತದೆ. ಆಗ ಅಂಚನ್ನು ಬ್ಲೇಡಿನಿಂದ ಸೀಳಿ ಬಿಡಿಸಬೇಕಾದೀತು.

ಟೇಪು ಕೊಡದಿರುವುದು

ಇಷ್ಟೆಲ್ಲ ಮಾಡಿದರೂ ಕೆಲವು ಗೋಡೆಗಳು ನಾಲ್ಕು ದಿನಕ್ಕೆ ಬೇಸರ ತರುತ್ತವೆ. ಗೆರೆ ನೇರವಾಗಿರುತ್ತದೆ, ಚಿತ್ರ ಕೂಡಿಬಂದಿರುವುದಿಲ್ಲ. ಎಲ್ಲಿ ತುಂಬಬೇಕು, ಎಲ್ಲಿ ಖಾಲಿ ಬಿಡಬೇಕು, ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಟೇಪು ಹೇಳಿಕೊಡುವುದಿಲ್ಲ.

ದಕ್ಷಿಣ ಆಫ್ರಿಕಾದ ಎಂಡೆಬೆಲೆ ಜನಾಂಗದ ಎಸ್ತರ್ ಮಹ್ಲಾಂಗು ಹತ್ತನೆಯ ವಯಸ್ಸಿನಲ್ಲಿ ತಾಯಿ ಮತ್ತು ಅಜ್ಜಿಯಿಂದ ಮನೆಯ ಗೋಡೆಗೆ ಚಿತ್ರ ಬರೆಯಲು ಕಲಿತರು. ಅಳತೆಪಟ್ಟಿಯಿಲ್ಲ, ಟೇಪಿಲ್ಲ, ಮೊದಲೇ ಹಾಕಿಕೊಂಡ ನಕ್ಷೆಯೂ ಇಲ್ಲ. ಕೋಳಿಗರಿಯ ಕುಂಚ ಮಾತ್ರ. 1991ರಲ್ಲಿ ಬಿಎಂಡಬ್ಲ್ಯು ಕಂಪೆನಿ ತನ್ನದೊಂದು ಕಾರಿಗೆ ಅವರಿಂದಲೇ ಬಣ್ಣ ಬರೆಸಿತು. ಕಾರಿನ ಮೇಲೆ ನೇರ ಅಂಚು ಮೂಡಿಸಲಾರದೆ ಸೇಂಟ್ ಪಾಲಿನ ಕೆಲಸಗಾರರು ಶಪಿಸಿದ್ದರಿಂದ ಟೇಪು ಹುಟ್ಟಿತ್ತು. ಅರವತ್ತಾರು ವರ್ಷಗಳ ಬಳಿಕ ಒಬ್ಬ ಮಹಿಳೆ ಅದೇ ಅಂಚನ್ನು ಕಾರಿನ ಮೇಲೆ ಬರಿಗೈಯಲ್ಲಿ ಮೂಡಿಸಿದರು.

ಹಾಗೆಂದು ಟೇಪನ್ನು ಹೀಗಳೆಯಬೇಕಿಲ್ಲ. ಪಳಗಿದ ಕೈ ಇಲ್ಲದವರ ಗೋಡೆಗೂ ಅದು ಗೆರೆಯ ಭಾಗ್ಯ ತಂದಿದೆ. ಆದರೆ ಸಾಗರದ ಚಿತ್ತಾರಗಿತ್ತಿಯಾಗಲಿ, ಮಹ್ಲಾಂಗು ಅವರಾಗಲಿ ಹಿರಿಯರಿಂದ ಕಲಿತದ್ದು ಗೆರೆ ನೇರವಾಗಿ ಎಳೆಯುವುದನ್ನಷ್ಟೇ ಅಲ್ಲ, ಅದು ಎಲ್ಲಿ ಇರಬೇಕೆಂಬುದನ್ನು. ಮೊದಲನೆಯದು ಈಗ ಹಾರ್ಡ್‌ವೇರ್ ಅಂಗಡಿಯಲ್ಲಿ ಸುರುಳಿಯಾಗಿ ಸಿಗುತ್ತದೆ. ಎರಡನೆಯದಕ್ಕೆ ಇಂದಿಗೂ ಬಣ್ಣದ ಡಬ್ಬಿ ತೆರೆಯುವ ಮುನ್ನ ಬರಿಗೋಡೆಯ ಮುಂದೆ ಸಾಕಷ್ಟು ಹೊತ್ತು ಕುಳಿತು ನೋಡಬೇಕು. ಪಟ್ಟಿ ಅಂಟಿಸಿ, ದೂರ ನಿಂತು ನೋಡಿ, ಕಿತ್ತು, ಮತ್ತೆ ಅಂಟಿಸುವ ಸ್ವಾತಂತ್ರ್ಯವನ್ನು ಮೊಂಡ್ರಿಯಾನ್ ಚೆನ್ನಾಗಿಯೇ ಬಳಸಿಕೊಂಡರು. ಟೇಪು ಕೊಂಡುತಂದವರೆಲ್ಲರಿಗೂ ಆ ಸ್ವಾತಂತ್ರ್ಯವಿದೆ.