ಸನಿಕೆ ಹಿಡಿಯಬೇಕಾದ ಕೈ

ಚಾಮರಾಜನಗರ ಜಿಲ್ಲೆಯ ಉಮ್ಮತ್ತೂರಿನ ಸೀಮೆಯಲ್ಲಿ ದುಡಿಮೆಯೆಂದರೆ ರಟ್ಟೆಯ ದುಡಿಮೆ. ಅರಿಸಿನ ಅಗೆಯಬೇಕು, ಕಬ್ಬು ಕಡಿದು ಹೊರೆ ಕಟ್ಟಬೇಕು, ಬಾಳೆಗೊನೆ ಇಳಿಸಬೇಕು. ಹೊಲ ಬಿಟ್ಟರೆ ಚಾಮರಾಜನಗರದ ಹೆಸರನ್ನು ದೇಶದಾಚೆಗೂ ಒಯ್ದ ಕರಿಕಲ್ಲಿನ ಕ್ವಾರಿಗಳಿವೆ. ಗಾಣಕ್ಕೋ ಮೇವು ಕತ್ತರಿಸುವ ಯಂತ್ರಕ್ಕೋ ಸಿಕ್ಕಿ ಕೈ ಕಳೆದುಕೊಂಡವರು ಇಂಥ ಕಡೆ ಮೊದಲು ಕೇಳುವುದು, ನಾಳೆ ಸನಿಕೆ ಹಿಡಿಯುವುದು ಹೇಗೆ ಎಂದು. ಕೃತಕ ಕೈಯ ಆಯ್ಕೆ ಈ ಪ್ರಶ್ನೆಯಿಂದಲೇ ಶುರುವಾಗಬೇಕು. ಆದರೆ ಎಷ್ಟೋ ಸಲ ಅದು ಕೈ ನೋಡಲು ಹೇಗಿದೆ ಎಂಬಲ್ಲಿಂದ ಶುರುವಾಗುತ್ತದೆ.

ನೋಡಲು ಚೆಂದದ ಕೈಯೆಂದರೆ ಐದು ಬೆರಳು, ಮೇಲೆ ಚರ್ಮದ ಬಣ್ಣದ ಗವಸು. ಮದುವೆ ಮನೆಗೆ ಅದು ಸರಿ. ಮಣ್ಣು, ಎಣ್ಣೆ, ಅರಿಸಿನದ ನಡುವೆ ಆ ಗವಸು ಬೇಗ ಕಲೆ ಹಿಡಿಯುತ್ತದೆ, ಹರಿಯುತ್ತದೆ. ಇನ್ನು ಸುದ್ದಿಯಲ್ಲಿ ಕಾಣುವ ವಿದ್ಯುತ್ ಕೈ. ಉಳಿದ ತೋಳಿನ ಸ್ನಾಯು ಬಿಗಿದಾಗ ಹುಟ್ಟುವ ಸಣ್ಣ ವಿದ್ಯುತ್ ಸಂಕೇತವನ್ನು ಚರ್ಮದ ಮೇಲಿಂದಲೇ ಹಿಡಿದು ಅದು ಮೋಟಾರು ಓಡಿಸುತ್ತದೆ. ಅದ್ಭುತವಾದ ಯಂತ್ರವೇ. ಆದರೆ ಬೆವರಿಗೆ ಸಂಕೇತ ತಪ್ಪುತ್ತದೆ, ನೀರು ಮತ್ತು ಕಲ್ಲಿನ ಧೂಳು ಒಳಹೊಕ್ಕರೆ ಕೆಡುತ್ತದೆ, ಬ್ಯಾಟರಿ ಮುಗಿದರೆ ಕೆಲಸ ನಿಲ್ಲುತ್ತದೆ. ಬೆಲೆ ಲಕ್ಷಗಳಲ್ಲಿ.

ಭಾರದ ಕೆಲಸಕ್ಕೆ ನೂರು ವರ್ಷ ದಾಟಿಯೂ ನಿಂತಿರುವುದು ಕೊಕ್ಕೆ. ಅದನ್ನು ರೂಪಿಸಿದವನೂ ದುಡಿಮೆಯ ಯಂತ್ರಕ್ಕೆ ಕೈ ಕೊಟ್ಟವನೇ. ಅಮೆರಿಕದ ಡಿ. ಡಬ್ಲ್ಯು. ಡಾರೆನ್ಸ್ 1909ರಲ್ಲಿ ಮರ ಕೊಯ್ಯುವ ಮಿಲ್ಲಿನಲ್ಲಿ ಬಲಗೈ ಕಳೆದುಕೊಂಡ. ಆಗ ಸಿಗುತ್ತಿದ್ದ ಕೈಗಳು ಅವನಿಗೆ ಹಿಡಿಸಲಿಲ್ಲ. ಎರಡು ಸೀಳಿನ ಕೊಕ್ಕೆಯೊಂದನ್ನು ತಾನೇ ಮಾಡಿ 1912ರಲ್ಲಿ ಪೇಟೆಂಟ್ ಪಡೆದ. ಅದರ ತಂತ್ರ ಸೈಕಲ್ ಬ್ರೇಕಿನದೇ. ಬೆನ್ನಿನ ಮೇಲೆ ಹಾದು ಎದುರು ಕಂಕುಳಿಗೆ ಸುತ್ತಿದ ಪಟ್ಟಿಯಿಂದ ಒಂದು ತಂತಿ ಕೊಕ್ಕೆಗೆ ಬರುತ್ತದೆ. ಭುಜ ಮುಂದೆ ಚಾಚಿದರೆ ತಂತಿ ಎಳೆದು ಕೊಕ್ಕೆ ತೆರೆಯುತ್ತದೆ. ಸಡಿಲಿಸಿದರೆ ಬುಡದಲ್ಲಿರುವ ರಬ್ಬರ್ ಪಟ್ಟಿಗಳು ಅದನ್ನು ಮುಚ್ಚುತ್ತವೆ. ಹಿಡಿತ ಸಾಲದೆ? ಇನ್ನೊಂದು ರಬ್ಬರ್ ಏರಿಸಬಹುದು. ಆದರೆ ಅಷ್ಟೇ ಹೆಚ್ಚು ಬಲ ಹಾಕಿ ತೆರೆಯಬೇಕು, ಸಂಜೆಯ ಹೊತ್ತಿಗೆ ಭುಜ ಸೋಲುತ್ತದೆ.

ಇದಕ್ಕೆ ತಿರುವುಮುರುವಾದ ಬಗೆಯೂ ಇದೆ: ಎಳೆದಾಗ ಮುಚ್ಚುವುದು. ಎಳೆದಷ್ಟೂ ಹಿಡಿತ ಬಿಗಿ, ಎಷ್ಟು ಬಿಗಿಯೆಂಬುದು ಪಟ್ಟಿಯ ಮೂಲಕ ಭುಜಕ್ಕೇ ತಿಳಿಯುತ್ತದೆ. ಹಗ್ಗ ಜಗ್ಗುವವರಿಗೆ, ಭಾರ ಎತ್ತುವವರಿಗೆ ಇದು ಒಗ್ಗುತ್ತದೆ. ಬೀಗವಿಲ್ಲದಿದ್ದರೆ ಹಿಡಿದಷ್ಟು ಹೊತ್ತೂ ಎಳೆದೇ ಇರಬೇಕೆಂಬುದು ಅದರ ತೊಡಕು.

ಗುದ್ದಲಿಯ ಉರುಟು ಕಾವು ಕೊಕ್ಕೆಯಲ್ಲಿ ಜಾರಬಹುದು. ಅದಕ್ಕೆ ಬಳೆಯಂಥ ಹಿಡಿಕೆಯೇ ಬೇರೆ. ಹೀಗಾಗಿ ಮಣಿಕಟ್ಟು ಬಹಳ ಮುಖ್ಯ: ಬೆಳಿಗ್ಗೆ ಹೊಲಕ್ಕೆ ಒಂದು ಉಪಕರಣ, ಸಂಜೆ ನೆಂಟರ ಮನೆಗೆ ಬೆರಳಿನ ಕೈ ಸಿಕ್ಕಿಸುವಂತಿರಬೇಕು. ಕೊಕ್ಕೆ ಕಂಡು ನಾಚುವ ಮನಸ್ಸನ್ನು ಹಗುರವಾಗಿ ಕಾಣಬಾರದು, ಎರಡೂ ಬೇಕೆನ್ನುವುದು ದುರಾಸೆಯಲ್ಲ. ಬೆಂಗಳೂರಿನ ಸೋಷಿಯಲ್ ಹಾರ್ಡ್‌ವೇರ್ ಕಂಪನಿ ‘ಅವಕಾಡೊ’ ಎಂಬ ಮಣಿಕಟ್ಟಿನ ಜೋಡಣೆಯನ್ನು ರೂಪಿಸಲು ಹೊರಟದ್ದು ಕೃಷಿ ಮತ್ತು ಕಟ್ಟಡದ ಕೂಲಿಗಳನ್ನು ಕಣ್ಣ ಮುಂದಿಟ್ಟುಕೊಂಡೇ.

ರೋಟರಿ ಶಿಬಿರಗಳಲ್ಲಿ ಉಚಿತವಾಗಿ ಸಿಗುವ ಎಲ್‌ಎನ್-4 ಕೈ ಹಗುರ, ಭುಜದ ಪಟ್ಟಿಯ ಗೊಡವೆಯಿಲ್ಲ. ಮೊಣಕೈ ಉಳಿದವರಿಗೆ ಪೆನ್ನು, ಚಮಚ ಹಿಡಿಯಲು ಒಳ್ಳೆಯ ನೆರವು. ಅದರಿಂದ ಕಲ್ಲು ಹೊರುವ ಕೆಲಸ ನಿರೀಕ್ಷಿಸಿದರೆ ಕೈಗೂ ಅನ್ಯಾಯ, ಕೊಟ್ಟವರಿಗೂ ಅನ್ಯಾಯ.

ಯಾವ ಕೈಯಾದರೂ ಅದರ ಜೀವ ಇರುವುದು ಉಳಿದ ತೋಳು ಕೂರುವ ಬಟ್ಟಲಿನಲ್ಲಿ. ಗಾಯ ಆರಿದ ಮೇಲೆ ತಿಂಗಳುಗಟ್ಟಲೆ ತೋಳು ಸಣ್ಣಗಾಗುತ್ತಾ ಹೋಗುತ್ತದೆ. ಮೊದಲ ಬಟ್ಟಲು ಸಡಿಲವಾಗುವುದು ಸಹಜ, ಬದಲಿಸಲೇಬೇಕು. ಬಿಸಿಲಿನಲ್ಲಿ ಬೆವರು ನಿಂತು ಚರ್ಮ ಕಿತ್ತುಬರುವುದರಿಂದ ಒಳಗಿನ ಹತ್ತಿ ಕಾಲುಚೀಲದಂಥ ಹೊದಿಕೆ ದಿನಕ್ಕೆರಡಾದರೂ ಬೇಕಾಗುತ್ತದೆ. ಮೊಣಕೈಗಿಂತ ಮೇಲೆ ತೋಳು ತುಂಡಾದವರ ಕಷ್ಟ ದೊಡ್ಡದು: ಕೃತಕ ಮೊಣಕೈಯ ಬೀಗ, ಇನ್ನೊಂದು ತಂತಿ, ಹೆಚ್ಚಿನ ತೂಕ.

ತಡ ಮಾಡುವುದು ಎಲ್ಲಕ್ಕಿಂತ ದುಬಾರಿ. 1984ರಲ್ಲಿ ಅಮೆರಿಕದ ಮ್ಯಾಲೋನ್ ಮತ್ತು ಸಂಗಡಿಗರು ಕೈ ಕಳೆದುಕೊಂಡ ಮೊದಲ 30 ದಿನದೊಳಗೆ ಕೃತಕ ಕೈ ಜೋಡಿಸಿಕೊಂಡವರು ಅದನ್ನು ಬಳಸುವುದೂ ಕೆಲಸಕ್ಕೆ ಮರಳುವುದೂ ಹೆಚ್ಚು ಎಂದು ತೋರಿಸಿದರು. ಹಳ್ಳಿಯಲ್ಲಿ ಆ ತಿಂಗಳು ಆಸ್ಪತ್ರೆ, ಸಾಲ, ಪ್ರಮಾಣಪತ್ರಗಳಲ್ಲೇ ಕಳೆದುಹೋಗುತ್ತದೆ. ಅಷ್ಟರಲ್ಲಿ ಮನುಷ್ಯ ಒಂದೇ ಕೈಗೆ ಒಗ್ಗಿ, ಆ ಕೈಯನ್ನೂ ಸವೆಸತೊಡಗಿರುತ್ತಾನೆ.

ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳಿವೆ. ಅಂಗವಿಕಲರಿಗೆ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಪ್ ಯೋಜನೆಯೂ ಇದೆ. ಎಲ್ಲಿಗೇ ಹೋಗಲಿ, ಅಳತೆ ಕೊಡುವ ದಿನ ತನ್ನ ಕುಡುಗೋಲನ್ನೋ ಸನಿಕೆಯ ಕಾವನ್ನೋ ಜೊತೆಗೆ ಒಯ್ಯಬೇಕು, ಅದನ್ನು ಹಿಡಿದು ತೋರಿಸಿ ಮಾತಾಡಬೇಕು. ಮತ್ತು ಒಂದು ಪ್ರಶ್ನೆ ಕೇಳದೆ ಎದ್ದು ಬರಬಾರದು: ತಂತಿ ತುಂಡಾದರೆ, ಉಮ್ಮತ್ತೂರಿನಿಂದ ಎಷ್ಟು ದೂರದಲ್ಲಿ, ಯಾರು ಹಾಕಿಕೊಡುತ್ತಾರೆ?